ಅಜ್ಜಿಯ ಎವೆಗೂದಲು

ಭಾನುವಾರ ಬೆಳಿಗ್ಗೆ ಬಿಸಿಲು ಹೊಸ್ತಿಲು ದಾಟಿ ಪಡಸಾಲೆಗೆ ಬರುವ ಹೊತ್ತಿಗೆ ಅಜ್ಜಿ ಕಂಬಕ್ಕೆ ಒರಗಿ ಕುಳಿತು ನನ್ನನ್ನು ಕರೆಯುತ್ತಿದ್ದಳು. ಅವಳ ಕೈಯಲ್ಲಿ ಹಿತ್ತಾಳೆಯ ಚಿಮಟ ಇರುತ್ತಿತ್ತು. ಕಾಲಿನ ಮುಳ್ಳು ಕೀಳಲೆಂದು ಅಜ್ಜ ಸಂತೆಯಿಂದ ತಂದಿದ್ದ ಚಿಮಟ ಅದು. ನನಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ನನ್ನ ಕಣ್ಣೇ ಚುರುಕು ಎಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವಳ ಬಲಗಣ್ಣಿನ ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಹುಬ್ಬಿನ ಕಡೆಗೆ ಎಳೆದು ಹಿಡಿದು, ಒಳಕ್ಕೆ ತಿರುಗಿದ ಕೂದಲನ್ನು ಹುಡುಕಬೇಕು. ನರೆತ ಕೂದಲು. ಒದ್ದೆಯಾಗಿ ಕಣ್ಣುಗುಡ್ಡೆಗೆ ಅಂಟಿಕೊಂಡಿರುತ್ತಿತ್ತು. ಮುಖವನ್ನು ಬಿಸಿಲಿಗೆ ಓರೆಯಾಗಿ ತಿರುಗಿಸಿದಾಗ ಮಾತ್ರ ಜೇಡನ ಎಳೆಯಂತೆ ಮಿಂಚುತ್ತಿತ್ತು. ಬುಡದಲ್ಲಿ ಹಿಡಿದು ಒಂದೇ ಸಲಕ್ಕೆ ಎಳೆಯಬೇಕು. ತುದಿಯಲ್ಲಿ ಹಿಡಿದರೆ ಮುರಿಯುತ್ತದೆ, ಮುರಿದ ಮೋಟು ಇನ್ನೂ ಹೆಚ್ಚು ಚುಚ್ಚುತ್ತದೆ. ಕಿತ್ತ ಕೂದಲನ್ನು ಅವಳ ಅಂಗೈಯಲ್ಲಿ ಇಡುತ್ತಿದ್ದೆ. ಅವಳು ಬೆರಳಿನಿಂದ ಸವರಿ ಎಣಿಸುತ್ತಿದ್ದಳು. "ನಾಲ್ಕು ಆದವು. ಇನ್ನೊಂದು ಇದೆ ನೋಡು" ಎನ್ನುತ್ತಿದ್ದಳು. ನನಗೆ ಕಾಣದಿದ್ದ ಐದನೆಯ ಕೂದಲು ಎಲ್ಲಿದೆ ಎಂದು ಅವಳ ಕಣ್ಣಿಗೆ ಗೊತ್ತಿರುತ್ತಿತ್ತು.

ಬೀಳಗಿ ತಾಲ್ಲೂಕಿನ ನಮ್ಮ ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗುವ ಮೊದಲಿನ ಮಾತು ಇದು. ಕಿತ್ತ ಕೂದಲು ಒಂದೆರಡು ತಿಂಗಳಲ್ಲಿ ಮತ್ತೆ ಹುಟ್ಟುತ್ತಿತ್ತು, ಒಂದು ಹುಟ್ಟುವಷ್ಟರಲ್ಲಿ ಪಕ್ಕದ್ದು ಬಾಗುತ್ತಿತ್ತು. ಹೀಗಾಗಿ ಚಿಮಟಕ್ಕೆ ಬಿಡುವು ಇರಲಿಲ್ಲ. ರಾತ್ರಿ ಅವಳು ಕಣ್ಣಿಗೆ ಔಡಲೆಣ್ಣೆ ಹಾಕಿಕೊಳ್ಳುತ್ತಿದ್ದಳು. ಹಗಲಿನಲ್ಲಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಊದಿ, ಆ ಬೆಚ್ಚನೆಯ ಉಂಡೆಯನ್ನು ಕಣ್ಣಿಗೆ ಇಟ್ಟುಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ "ವಯಸ್ಸಾಯಿತಲ್ಲ" ಎನ್ನುತ್ತಿದ್ದಳು. ಆಗ ಅವಳಿಗೆ ಐವತ್ತೆಂಟು.

ಯಾರನ್ನಾದರೂ ಅಕ್ಕರೆಯಿಂದ ನೋಡಿಕೊಂಡರೆ ಕಣ್ಣನ್ನು ರೆಪ್ಪೆ ಕಾಯುವಂತೆ ಕಾದರು ಎನ್ನುತ್ತೇವೆ. ಅಜ್ಜಿಯ ವಿಷಯದಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಎಚ್ಚರವಾಗಿರುವಾಗ ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ಹದಿನಾರು ಗಂಟೆಯ ಎಚ್ಚರಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ 14 ಸಾವಿರ ದಾಟುತ್ತದೆ. ಒಳಕ್ಕೆ ತಿರುಗಿದ ಒಂದು ಕೂದಲು ಅಷ್ಟು ಸಲ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರವನ್ನು, ಗೀರುತ್ತದೆ. ಮೈಯ ಬೇರೆ ಕಡೆ ಗಾಯವಾದರೆ ಕಲೆ ಉಳಿಯುತ್ತದೆ, ನಾವು ಮರೆಯುತ್ತೇವೆ. ಕಾರ್ನಿಯಾದ ಮೇಲೆ ಕಲೆ ಉಳಿದರೆ ಅಷ್ಟು ಜಾಗದಲ್ಲಿ ಬೆಳಕು ಒಳಗೆ ಹೋಗುವುದಿಲ್ಲ. ನಮ್ಮ ಕಡೆ ಅದಕ್ಕೆ ಕಣ್ಣಲ್ಲಿ ಹೂ ಬಿದ್ದಿದೆ ಎನ್ನುತ್ತಾರೆ. ಅಷ್ಟು ಚೆಂದದ ಮಾತನ್ನು ಅಷ್ಟು ಕ್ರೂರವಾದ ಸಂಗತಿಗೆ ಯಾರು ಕೊಟ್ಟರೋ!

ನಾನು ಕಾಲೇಜು ಸೇರಿದ ಮೇಲೆ ಅವಳನ್ನು ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯವರೆಗೆ ಯಾಕೆ ಹೋಗಲಿಲ್ಲ ಎಂದು ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಣ್ಣಾಸ್ಪತ್ರೆ ನಮಗೆ ಗೊತ್ತಿರಲಿಲ್ಲವೆಂದಲ್ಲ. ಬೀಳಗಿಯವರೇ ಆದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಕೊಂಡೊಯ್ದು ಲಕ್ಷಾಂತರ ಜನರ ಪೊರೆ ತೆಗೆದವರು. ಅವರ ಹೆಸರು ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ಇತ್ತು. ಆದರೆ ಆ ಶಿಬಿರಗಳಿಂದ ನಾವು ಕಲಿತದ್ದು ಕಣ್ಣಿನ ಕಾಯಿಲೆ ಎಂದರೆ ಪೊರೆ ಎಂಬ ಒಂದೇ ಪಾಠ. ಪೊರೆ ಬಲಿಯಲಿ, ಆಮೇಲೆ ತೆಗೆಸೋಣ ಎಂದು ಕಾಯುವುದು ಆಗಿನ ರೂಢಿ. ಅಜ್ಜಿಯ ಕಣ್ಣು ಮಂಜಾದಾಗಲೂ ಮನೆಯವರೆಲ್ಲ ಬಲಿಯಲಿ ಎಂದೇ ಕಾದರು. ಬಲಿಯುತ್ತಿದ್ದದ್ದು ಪೊರೆ ಅಲ್ಲ.

ವೈದ್ಯರು ರೆಪ್ಪೆಯನ್ನು ಒಂದು ಕಡ್ಡಿಯ ಮೇಲೆ ಮಗುಚಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಒಳಭಾಗ ನುಣುಪಾಗಿ ಗುಲಾಬಿ ಬಣ್ಣದಲ್ಲಿ ಇರಬೇಕು. ಅಜ್ಜಿಯದರಲ್ಲಿ ಬಿಳಿಯ ಗೆರೆಗಳು ಅಡ್ಡಡ್ಡ ಹಾಯ್ದಿದ್ದವು, ಬೇಸಿಗೆಯ ಎರೆಹೊಲದ ಬಿರುಕಿನ ಹಾಗೆ. ಟ್ರಕೋಮಾ ಎಂದರು. ಬಾಲ್ಯದಲ್ಲಿ ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಮತ್ತೆ ಮತ್ತೆ ತಗುಲಿ ಮಾಯುತ್ತದೆ. ನೀರಿನ ಕೊರತೆ, ತೊಳೆಯದ ಮುಖ, ಒಬ್ಬರ ಸೆರಗಿನಿಂದ ಇನ್ನೊಬ್ಬರ ಮುಖ ಒರೆಸುವುದು, ನೊಣ, ಇವು ಅದರ ದಾರಿ. ಪ್ರತಿ ಸಲ ಮಾಯುವಾಗ ರೆಪ್ಪೆಯ ಒಳಗೆ ಸಣ್ಣ ಕಲೆ ಉಳಿಯುತ್ತದೆ. ಆ ಕಲೆಗಳು ಮೂವತ್ತು ನಲವತ್ತು ವರ್ಷ ಮೆಲ್ಲಗೆ ಸೆಟೆಯುತ್ತಾ ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತವೆ. ಎಂಟು ವರ್ಷದ ಹುಡುಗಿಯ ಕಣ್ಣು ಕೆಂಪಾಗಿದ್ದಕ್ಕೆ ಅರವತ್ತರ ಮುದುಕಿ ಬೆಲೆ ತೆರುತ್ತಾಳೆ. ಮಕ್ಕಳನ್ನು ಸದಾ ಕಂಕುಳಲ್ಲಿ ಇಟ್ಟುಕೊಳ್ಳುವ ಹೆಂಗಸರಿಗೆ ಈ ರೋಗ ಹೆಚ್ಚು ಎಂದೂ ಅವರು ಹೇಳಿದರು. ಅಜ್ಜಿ ಏಳು ಮಕ್ಕಳನ್ನು ಸಾಕಿದವಳು.

ಶಸ್ತ್ರಚಿಕಿತ್ಸೆ ಅರ್ಧ ಗಂಟೆಯದು. ರೆಪ್ಪೆಗೆ ಮಾತ್ರ ಅರಿವಳಿಕೆ ಕೊಟ್ಟು, ಅಂಚಿನಿಂದ ತುಸು ಮೇಲೆ ಉದ್ದಕ್ಕೆ ಸೀಳಿ, ಕೂದಲು ಇರುವ ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿದರು. ಸಂಜೆಗೆ ಮನೆಗೆ ಬಂದೆವು. ವಾರದ ಮೇಲೆ ಹೊಲಿಗೆ ಬಿಚ್ಚಿದ ದಿನ ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. "ಚುಚ್ಚುತ್ತಿಲ್ಲ" ಎಂದಳು. ಅಷ್ಟೇ ಮಾತು. ಬಲಗಣ್ಣಿನ ಹೂ ಮಾತ್ರ ಹಾಗೆಯೇ ಉಳಿಯಿತು. ಹತ್ತು ವರ್ಷ ಮೊದಲೇ ಬಂದಿದ್ದರೆ ಅದೂ ಇರುತ್ತಿರಲಿಲ್ಲ ಎಂದು ವೈದ್ಯರು ಬೈಗುಳದ ಧ್ವನಿಯಲ್ಲಿ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ನನಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತ್ತು. ಆ ಹತ್ತು ವರ್ಷವೂ ಚಿಮಟ ಹಿಡಿದವನು ನಾನು.

ಭಾರತ 1963ರಲ್ಲೇ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತ್ತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾ ಭಾರತದಿಂದ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2024ರ ಅಕ್ಟೋಬರಿನಲ್ಲಿ. ಪತ್ರಿಕೆಯ ಒಳಪುಟದಲ್ಲಿ ಆ ಸುದ್ದಿ ಓದಿ, ಎದ್ದು ಹೋಗಿ ಅಜ್ಜಿಯ ಫೋಟೊದ ಮುಂದೆ ನಿಂತೆ.

ಆಮೇಲೆ ತಿಳಿದ ಒಂದು ಸಂಗತಿ ನನ್ನನ್ನು ಇನ್ನಷ್ಟು ಕಾಡಿತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 76 ಕಣ್ಣಿನ ರೋಗಗಳನ್ನು ಹೇಳಿದೆ. ಅವುಗಳಲ್ಲಿ 21 ರೋಗಗಳು ರೆಪ್ಪೆಯವು. ಎವೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಉಜ್ಜುವುದಕ್ಕೆ ಪಕ್ಷ್ಮಕೋಪ ಎಂದು ಹೆಸರು. ಪಕ್ಷ್ಮ ಎಂದರೆ ಎವೆಗೂದಲು. ರೆಪ್ಪೆಯ ಮೇಲಿನ ಚರ್ಮವನ್ನು ಜವೆಗೋಧಿಯ ಕಾಳಿನ ಆಕಾರದಲ್ಲಿ ಕತ್ತರಿಸಿ ತೆಗೆದು, ಕೂದಲಿನ ಎಳೆಯಿಂದ ಹೊಲಿದು ಅಂಚನ್ನು ಮೇಲಕ್ಕೆ ಎಳೆಯುವ ವಿಧಾನವೂ ಅಲ್ಲಿದೆ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಬೀಗಲು ನಾನು ಇದನ್ನು ಹೇಳುತ್ತಿಲ್ಲ. ರೆಪ್ಪೆಯ ರೋಗವೂ ರೋಗವೇ, ಅದಕ್ಕೆ ಮದ್ದು ಇದೆ ಎಂದು ಯಾರೋ ಎರಡು ಸಾವಿರ ವರ್ಷಗಳ ಹಿಂದೆ ಕುಳಿತು ವಿಂಗಡಿಸಿ ಬರೆದ ದೇಶದಲ್ಲಿ ನಮ್ಮ ಮನೆಗೆ ಅದು ತಲುಪಲಿಲ್ಲ.

ರೆಪ್ಪೆ ಎಂದರೆ ಕಣ್ಣಿನ ಮೇಲಿನ ತೆಳ್ಳನೆಯ ಪರದೆ ಎಂದುಕೊಂಡಿದ್ದೆ. ತೆಳ್ಳಗಿರುವುದು ನಿಜ, ಮೈಯಲ್ಲೇ ಅತಿ ತೆಳುವಾದ ಚರ್ಮ ಅಲ್ಲಿನದು. ಆದರೆ ಅದರ ಒಳಗೆ ಅಂಗಿಯ ಕಾಲರಿನ ಒಳಪಟ್ಟಿಯ ಹಾಗೆ ಗಟ್ಟಿಯಾದ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಸಾಲಾಗಿ ಎಣ್ಣೆಯ ಗ್ರಂಥಿಗಳಿವೆ. 17ನೆಯ ಶತಮಾನದ ಜರ್ಮನ್ ವೈದ್ಯ ಮೈಬೋಮ್ ಅವರ ಹೆಸರೇ ಅವಕ್ಕೆ ಉಳಿದಿದೆ. ಪ್ರತಿ ಸಲ ರೆಪ್ಪೆ ಬಡಿದಾಗ ಇವು ಕಣ್ಣೀರಿನ ಮೇಲೆ ಎಣ್ಣೆಯ ಒಂದು ಪೊರೆ ಹಾಸುತ್ತವೆ. ಅದಿಲ್ಲದಿದ್ದರೆ ಕಣ್ಣೀರು ಬಾಣಲೆಯ ಮೇಲಿನ ಹನಿಯಂತೆ ಬೇಗ ಆರಿಹೋಗುತ್ತದೆ. ಕಂಪ್ಯೂಟರಿನ ಮುಂದೆ ಎವೆಯಿಕ್ಕದೆ ಕುಳಿತವರಿಗೆ ಸಂಜೆ ಕಣ್ಣು ಉರಿಯುವುದು ಇದರಿಂದಲೇ. ರೆಪ್ಪೆ ಮುಚ್ಚಲು ಒಂದು ನರ, ತೆರೆಯಲು ಬೇರೆಯೇ ನರ. ಮುಖದ ಒಂದು ಬದಿ ಸೋತುಹೋಗುವ ಬೆಲ್ಸ್ ಪಾಲ್ಸಿಯಲ್ಲಿ ಮುಚ್ಚುವ ನರ ಕೈಕೊಡುತ್ತದೆ, ಕಣ್ಣು ತೆರೆದೇ ಇರುತ್ತದೆ. ಕುಷ್ಠರೋಗದಲ್ಲೂ ಹೀಗಾಗುತ್ತದೆ. ಬಾಯಿ ಸೊಟ್ಟಗಾಯಿತು ಎಂದು ಮನೆಮಂದಿ ಗಾಬರಿಯಾಗುತ್ತಾರೆ. ಆದರೆ ಮೊದಲ ದಿನದಿಂದಲೇ ಕಾಪಾಡಬೇಕಾದದ್ದು ಮುಚ್ಚಲಾಗದ ಆ ಕಣ್ಣನ್ನು. ಹಗಲು ಕಣ್ಣೀರಿನಂಥ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಪಟ್ಟಿ ಅಂಟಿಸುವುದು, ಇಷ್ಟು ಮಾಡದೆ ಬಿಟ್ಟರೆ ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ.

ಆ ಎಣ್ಣೆಯ ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಗಂಟಾಗುತ್ತದೆ, ಎವೆಯ ಬುಡದಲ್ಲಿ ಸೋಂಕಾದರೆ ಕಣ್ಣುಕುಟಿಕೆ ಏಳುತ್ತದೆ. ಅಂಗೈಗೆ ಬೆರಳು ಉಜ್ಜಿ ಆ ಬಿಸಿಯನ್ನು ಕುಟಿಕೆಗೆ ಇಡುವ ಅಮ್ಮಂದಿರ ಉಪಾಯದಲ್ಲಿ ಹುರುಳಿದೆ. ಶಾಖಕ್ಕೆ ಗಟ್ಟಿಯಾದ ಎಣ್ಣೆ ಕರಗುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಟ್ಟರೆ ಬಹುತೇಕ ಇಳಿಯುತ್ತದೆ. ಹಿಸುಕಬಾರದು. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ವಯಸ್ಸಾದವರಿಗೆ ಒಂದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಎದ್ದರೆ, ಆ ಜಾಗದ ಎವೆಗೂದಲು ಉದುರಿದರೆ, ಅದನ್ನು ಕುಟಿಕೆ ಎಂದು ಮೂರನೆಯ ಸಲ ಬಗೆದು ತೆಗೆಸಿಕೊಂಡು ಸುಮ್ಮನಾಗಬಾರದು. ಅದೇ ಎಣ್ಣೆಯ ಗ್ರಂಥಿಯ ಕ್ಯಾನ್ಸರ್ ಕುಟಿಕೆಯ ವೇಷದಲ್ಲೇ ಬರುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಅದು ಹೆಚ್ಚು. ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ನನ್ನ ತಂಗಿಯ ಮಗ ಹುಟ್ಟಿದಾಗ ಅವನ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ನೋಡಲು ಬಂದವರೆಲ್ಲ ಮುದ್ದು ಮಾಡಿದರು. ಮುತ್ತಜ್ಜನ ಹಾಗೆಯೇ ನಿದ್ದೆಗಣ್ಣ ಎಂದರು. ಮಗು ಕೂರಲು ಕಲಿತ ಮೇಲೆ ಗಲ್ಲವನ್ನು ಮೇಲೆತ್ತಿ, ಹುಬ್ಬು ಏರಿಸಿ ನೋಡತೊಡಗಿತು. ಅದಕ್ಕೂ ದೊರೆಯ ಗತ್ತು ಎಂದು ಹೊಗಳಿಕೆ ಸಿಕ್ಕಿತು. ನಾನು ಮಾತ್ರ ಆ ಎತ್ತಿದ ಗಲ್ಲವನ್ನು ನೋಡಿ ಸುಮ್ಮನಿರಲಾರದೆ ಹೋದೆ. ರೆಪ್ಪೆ ಅಡ್ಡ ಬಂದಿದೆ, ಅದರ ಅಡಿಯ ಸಂದಿಯಿಂದ ಅವನು ಲೋಕ ನೋಡುತ್ತಿದ್ದಾನೆ ಎಂದು ಅನ್ನಿಸಿತು. ಮೊದಲು ತೋರಿಸಿದ ವೈದ್ಯರು ಐದು ವರ್ಷ ಆಗಲಿ, ಚೆಂದಕ್ಕೆ ತಾನೆ, ಆಮೇಲೆ ನೋಡೋಣ ಎಂದು ಕಳಿಸಿದರು. ತಂಗಿಗೆ ಅಷ್ಟು ಸಾಕಾಗಿತ್ತು. ಎಳೆಯ ಮಗುವಿನ ಕಣ್ಣಿಗೆ ಕತ್ತಿ ತಾಗಿಸಲು ಯಾವ ತಾಯಿ ಮುಂದಾಗುತ್ತಾಳೆ! ಅವಳೊಂದಿಗೆ ಎಷ್ಟೋ ಸಲ ಜಗಳವಾಡಿದೆ. ಕೊನೆಗೆ ಅವನಿಗೆ ಎರಡೂವರೆ ವರ್ಷವಾದಾಗ ಬೆಂಗಳೂರಿನಲ್ಲಿ ರೆಪ್ಪೆ ಮತ್ತು ಕಣ್ಣುಗೂಡಿನ ಶಸ್ತ್ರಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತ ಒಬ್ಬ ವೈದ್ಯೆಯ ಬಳಿ ಹೋದೆವು. ಹಾಗೆ ಒಂದು ವಿಭಾಗವೇ ಇದೆ, ಆಕ್ಯುಲೋಪ್ಲಾಸ್ಟಿ ಎಂದು ಅದರ ಹೆಸರು. ಆ ದಿನದವರೆಗೆ ನಾವು ಆ ಪದವನ್ನೇ ಕೇಳಿರಲಿಲ್ಲ.

ಆಕೆ ಮೊದಲು ಮಾಡಿದ ಪರೀಕ್ಷೆ ಇಷ್ಟೇ. ಮಗುವಿನ ಕೈಗೆ ಗಿಲಕಿ ಕೊಟ್ಟು, ಇಳಿದ ಎಡಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದರು. ಅವನು ಆಡುತ್ತಲೇ ಇದ್ದ. ಆಮೇಲೆ ಚೆನ್ನಾಗಿದ್ದ ಬಲಗಣ್ಣನ್ನು ಮುಚ್ಚಿದರು. ಗಿಲಕಿ ಎಸೆದು, ಕೂಗಿ, ಎರಡೂ ಕೈಯಿಂದ ಆಕೆಯ ಅಂಗೈಯನ್ನು ತಳ್ಳಿದ. ತಂಗಿಯ ಮುಖ ಬಿಳಿಚಿಕೊಂಡಿತು. ವಿವರಿಸುವ ಅಗತ್ಯವೇ ಇರಲಿಲ್ಲ. ಎಡಗಣ್ಣಿನಲ್ಲಿ ಅವನಿಗೆ ಲೋಕ ಸರಿಯಾಗಿ ಕಾಣುತ್ತಿರಲಿಲ್ಲ.

ನೋಡುವುದನ್ನೂ ಮಿದುಳು ಕಲಿಯಬೇಕು. ಮಾತು ಕಲಿಯುವಂತೆ, ನಡಿಗೆ ಕಲಿಯುವಂತೆ. ಅದಕ್ಕೆ ಏಳೆಂಟು ವರ್ಷದವರೆಗಿನ ಹೊತ್ತು ಮುಖ್ಯ, ಮೊದಲ ಎರಡು ಮೂರು ವರ್ಷವಂತೂ ಬಹಳ ಮುಖ್ಯ. ಆ ಹೊತ್ತಿನಲ್ಲಿ ಒಂದು ಕಣ್ಣಿನ ಮುಂದೆ ರೆಪ್ಪೆ ಪರದೆಯಂತೆ ಇಳಿದಿದ್ದರೆ, ಅಥವಾ ರೆಪ್ಪೆಯ ಭಾರಕ್ಕೆ ಕಾರ್ನಿಯಾ ಒತ್ತಿಹೋಗಿ ಆಕಾರ ಕೆಟ್ಟಿದ್ದರೆ, ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಸೋಮಾರಿ ಕಣ್ಣು ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ. ಕಣ್ಣು ಸೋಮಾರಿಯಲ್ಲ, ಅದಕ್ಕೆ ಯಾರೂ ಪಾಠ ಹೇಳಲಿಲ್ಲ. ಎಲ್ಲ ಮಕ್ಕಳಿಗೂ ಅವಸರ ಬೇಕಿಲ್ಲ ಎಂಬುದೂ ನಿಜ. ರೆಪ್ಪೆ ಸ್ವಲ್ಪವೇ ಇಳಿದಿದ್ದು ಪಾಪೆ ತೆರೆದಿದ್ದರೆ ಮೂರರಿಂದ ಐದು ವರ್ಷದವರೆಗೆ ಕಾಯುತ್ತಾರೆ. ಆದರೆ ಕಾಯಬಹುದೇ ಬಾರದೇ ಎಂದು ಹೇಳಬೇಕಾದವರು ಕಣ್ಣನ್ನು ಪರೀಕ್ಷಿಸಿದ ವೈದ್ಯರು, ತೊಟ್ಟಿಲು ನೋಡಲು ಬಂದ ನೆಂಟರಲ್ಲ.

ರೆಪ್ಪೆ ಎತ್ತುವ ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಳಗೆ ನೋಡಿಸಿ ಮೇಲೆ ನೋಡಿಸಿ, ರೆಪ್ಪೆಯ ಅಂಚು ಎಷ್ಟು ಚಲಿಸಿತು ಎಂದು ಅಳತೆಪಟ್ಟಿ ಇಟ್ಟು ನೋಡುವುದು. ಬಲ ತಕ್ಕಮಟ್ಟಿಗೆ ಇದ್ದರೆ ಆ ಸ್ನಾಯುವನ್ನೇ ಚಿಕ್ಕದು ಮಾಡಿ ಬಿಗಿಯುತ್ತಾರೆ. ನಾಲ್ಕು ಮಿಲಿಮೀಟರಿಗೂ ಕಡಿಮೆ ಇದ್ದರೆ ಅದನ್ನು ನೆಚ್ಚಿಕೊಂಡು ಪ್ರಯೋಜನವಿಲ್ಲ. ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ನಮ್ಮ ಹುಡುಗನಿಗೆ ಮಾಡಿದ್ದು ಅದು. ಚರ್ಮದ ಅಡಿಯಲ್ಲಿ ಸಿಲಿಕೋನಿನ ತೆಳ್ಳನೆಯ ದಾರವನ್ನು ಪಂಚಕೋನದ ಆಕಾರದಲ್ಲಿ ಹಾಯಿಸಿ ಹುಬ್ಬಿನ ಮೇಲೆ ಕಟ್ಟಿದರು. ಇನ್ನು ಮುಂದೆ ಅವನು ಹುಬ್ಬೇರಿಸಿದರೆ ರೆಪ್ಪೆ ಏಳುತ್ತದೆ, ತೊಗಲುಬೊಂಬೆಯ ಸೂತ್ರದ ಹಾಗೆ. ಕೆಲವರಿಗೆ ಸಿಲಿಕೋನಿನ ಬದಲು ಅವರದೇ ತೊಡೆಯಿಂದ ತೆಗೆದ ತಂತುಪಟ್ಟಿಯನ್ನು ಬಳಸುತ್ತಾರೆ.

ಶಸ್ತ್ರಚಿಕಿತ್ಸೆ ಸುಲಭದ ಭಾಗ ಎಂದು ನಮಗೆ ಆಮೇಲೆ ತಿಳಿಯಿತು. ನಿದ್ದೆಯಲ್ಲಿ ಅವನ ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಲ್ಲಿ ಬಿಳಿ ಕಾಣುತ್ತಿತ್ತು, ತಂಗಿ ರಾತ್ರಿ ಎದ್ದೆದ್ದು ಮುಲಾಮು ಹಾಕುತ್ತಿದ್ದಳು. ಹಗಲಿನಲ್ಲಿ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಿ ಎಡಗಣ್ಣಿಗೆ ಕೆಲಸ ಕೊಡಬೇಕಿತ್ತು. ಆ ಎರಡು ಗಂಟೆ ಮನೆಯೆಲ್ಲ ರಣರಂಗ. ಪಟ್ಟಿ ಕಿತ್ತು ಎಸೆಯುತ್ತಿದ್ದ. ಕೊನೆಗೆ ನಮ್ಮ ಅಮ್ಮ ಒಂದು ಉಪಾಯ ಕಂಡುಕೊಂಡಳು. ಮೊರದಲ್ಲಿ ಹಿಡಿ ಅಕ್ಕಿ ಹಾಕಿ, ಅದರಲ್ಲಿ ತಾನೇ ಹೆಸರುಕಾಳು ಬೆರೆಸಿ, ಆರಿಸಿ ಕೊಡು, ಇಲ್ಲದಿದ್ದರೆ ಊಟ ತಡ ಎಂದು ಅವನ ಮುಂದೆ ಇಟ್ಟಳು. ಪಟ್ಟಿ ಹಾಕಿಕೊಂಡ ಮೂರು ವರ್ಷದ ಹುಡುಗ ಮೊರದ ಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ, ಒಂದೊಂದೇ ಹಸಿರು ಕಾಳನ್ನು ಹುಡುಕಿ ಬಟ್ಟಲಿಗೆ ಹಾಕುತ್ತಿದ್ದ. ಹತ್ತಿರದ ಸಣ್ಣ ಕೆಲಸ ಕೊಡಿ ಎಂದು ವೈದ್ಯೆ ಹೇಳಿದ್ದು ಅದನ್ನೇ. ಎರಡು ವರ್ಷ ನಡೆಯಿತು. ಈಗ ಅವನು ಹೈಸ್ಕೂಲಿನಲ್ಲಿದ್ದಾನೆ, ಕನ್ನಡಕ ಹಾಕುತ್ತಾನೆ, ಎಡಗಣ್ಣು ಬಲಗಣ್ಣಿನಷ್ಟು ಚುರುಕಲ್ಲ, ಆದರೆ ಆ ಕಣ್ಣೊಂದರಲ್ಲೇ ಬಸ್ಸಿನ ಬೋರ್ಡು ಓದುತ್ತಾನೆ.

ದೊಡ್ಡವರಿಗೆ ರೆಪ್ಪೆ ಇಳಿದರೆ ಕಾರಣಗಳು ಬೇರೆ. ವಯಸ್ಸಿನಲ್ಲಿ ಸ್ನಾಯುವಿನ ಪಟ್ಟಿ ಸಡಿಲವಾಗಿ ಇಳಿಯುವುದು ಸಾಮಾನ್ಯ, ಅದನ್ನು ಬಿಗಿಯಬಹುದು. ಬೆಳಿಗ್ಗೆ ಸರಿಯಿದ್ದು ಸಂಜೆ ಸೋಲುವ ರೆಪ್ಪೆ ಮಯಸ್ತೇನಿಯಾ ಎಂಬ ಸ್ನಾಯುಗಳ ದಣಿವಿನ ಕಾಯಿಲೆಯ ಗುರುತಾಗಿರಬಹುದು. ಇದ್ದಕ್ಕಿದ್ದಂತೆ ಒಂದು ರೆಪ್ಪೆ ಕುಸಿದು, ಜೊತೆಗೆ ಸಿಡಿಯುವ ತಲೆನೋವು, ಎರಡೆರಡಾಗಿ ಕಾಣುವುದು, ಆ ಕಣ್ಣಿನ ಪಾಪೆ ಹಿಗ್ಗಿರುವುದು ಕಂಡರೆ ಅದು ಮಿದುಳಿನ ರಕ್ತನಾಳ ಉಬ್ಬಿರುವ ಸೂಚನೆಯಾಗಿರಬಹುದು. ಆಗ ನಾಳೆಗೆ ಎಂದು ಇಡಬಾರದು. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಓಡಬೇಕು.

ಹೆಣ್ಣಿಗೆ ಎಡಗಣ್ಣು, ಗಂಡಿಗೆ ಬಲಗಣ್ಣು ಅದುರಿದರೆ ಶುಭ ಎಂದು ನಂಬುವವರು ನಾವು. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ ರೆಪ್ಪೆ ಅದುರಿ ತಾನೇ ನಿಲ್ಲುತ್ತದೆ. ಆದರೆ ಕೆಲವರಿಗೆ ಎರಡೂ ಕಣ್ಣು ಅವರ ಹತೋಟಿ ಮೀರಿ ಬಿಗಿದು ಮುಚ್ಚಿಕೊಳ್ಳುತ್ತವೆ, ರಸ್ತೆ ದಾಟಲೂ ಆಗದಷ್ಟು. ಅವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಬೊಟಾಕ್ಸ್. ಚಿತ್ರನಟರ ಸುಕ್ಕಿನ ಮದ್ದು ಎಂದು ನಾವು ಬಲ್ಲ ಅದಕ್ಕೆ ಅಮೆರಿಕದಲ್ಲಿ 1989ರಲ್ಲಿ ಮೊದಲ ಅನುಮತಿ ಸಿಕ್ಕಿದ್ದು ಈ ರೋಗಕ್ಕೆ ಮತ್ತು ಮೆಳ್ಳೆಗಣ್ಣಿಗೆ.

ಕಣ್ಣುಗುಡ್ಡೆ ಕುಳಿತಿರುವ ಗೂಡಿನ ಬಗ್ಗೆ ನಾನು ಯೋಚಿಸಿದ್ದು ಬಹಳ ತಡವಾಗಿ. ಏಳು ಮೂಳೆಗಳು ಸೇರಿ ಕಟ್ಟಿದ ಗೂಡು ಅದು, ಹಿಂದಕ್ಕೆ ಕಿರಿದಾಗುವ ಆಲಿಕೆಯ ಹಾಗೆ. ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ, ಅದರಲ್ಲಿ ಕಣ್ಣುಗುಡ್ಡೆಯ ಪಾಲು ಏಳು ಮಾತ್ರ. ಉಳಿದದ್ದು ಸ್ನಾಯು, ನರ, ರಕ್ತನಾಳ, ಮೆತ್ತೆಯ ಹಾಗೆ ತುಂಬಿದ ಕೊಬ್ಬು. ಬಾಗಿಲು ಇರುವುದು ಮುಂದಕ್ಕೆ ಮಾತ್ರ. ಆದ್ದರಿಂದ ಒಳಗೆ ಏನು ಉಬ್ಬಿದರೂ ಕಣ್ಣು ಮುಂದಕ್ಕೆ ಬರುತ್ತದೆ. ನನ್ನ ಪರಿಚಯದ ಒಬ್ಬ ಶಿಕ್ಷಕಿಗೆ ಥೈರಾಯ್ಡ್ ಏರುಪೇರಾಗಿ ಕಣ್ಣಿನ ಹಿಂದಿನ ಸ್ನಾಯುಗಳು ಬಾತವು. ರೆಪ್ಪೆಗಳು ಮೇಲಕ್ಕೆ ಸೆಟೆದು, ಸದಾ ಕಣ್ಣರಳಿಸಿ ನೋಡುವಂತೆ ಕಾಣುತ್ತಿದ್ದರು. ಬೈಯದಿದ್ದರೂ ಮಕ್ಕಳು ಹೆದರುತ್ತಾರೆ ಎಂದು ಅವರು ಅತ್ತಿದ್ದನ್ನು ನೋಡಿದ್ದೇನೆ. ಧೂಮಪಾನ ಈ ರೋಗವನ್ನು ಉಲ್ಬಣಿಸುತ್ತದೆ. ಬಾವು ದೃಷ್ಟಿನರವನ್ನು ಅದುಮಿದರೆ ಸ್ಟಿರಾಯ್ಡ್ ಕೊಡಬೇಕಾಗುತ್ತದೆ, ಅದು ಸಾಲದಿದ್ದರೆ ಗೂಡಿನ ಗೋಡೆಯನ್ನೇ ಒಡೆದು ಜಾಗ ಮಾಡಬೇಕಾಗುತ್ತದೆ. ಅವರಿಗೆ ಅಲ್ಲಿಯವರೆಗೆ ಹೋಗಲಿಲ್ಲ.

ಆ ಗೂಡಿನ ಒಳಗೋಡೆ, ಮೂಗಿನ ಕಡೆಯದು, ಎಷ್ಟು ತೆಳುವೆಂದರೆ ಕಾಗದದ ಹಾಳೆ ಎಂಬ ಅರ್ಥದ ಲ್ಯಾಟಿನ್ ಹೆಸರು ಅದಕ್ಕೆ ಇದೆ. 2021ರ ಬೇಸಿಗೆಯಲ್ಲಿ ನನ್ನ ಬ್ಯಾಂಕಿನ ಗೆಳೆಯನ ಕಣ್ಣಿಗೆ ಶಿಲೀಂಧ್ರ ಬಂದದ್ದು ಆ ದಾರಿಯಲ್ಲಿ. ಕೋವಿಡ್‌ನಿಂದ ಚೇತರಿಸಿಕೊಂಡು ಮನೆಗೆ ಬಂದಿದ್ದ. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಸ್ಟಿರಾಯ್ಡ್‌ನಿಂದ ಇನ್ನೂ ಏರಿತ್ತು. ಹನ್ನೆರಡನೆಯ ದಿನ ಕೆನ್ನೆ ಜೋಮು ಹಿಡಿದಿದೆ ಎಂದ. ಮರುದಿನ ಬಲಗಣ್ಣಿನ ರೆಪ್ಪೆ ಇಳಿಯಿತು. ಅದರ ಮರುದಿನ ಆ ಕಣ್ಣು ಅಲುಗುವುದನ್ನೇ ನಿಲ್ಲಿಸಿತು. ಗಾಳಿಯಲ್ಲಿ ಎಲ್ಲೆಲ್ಲೂ ಇರುವ ಬೀಜಕಣಗಳು ಮೂಗಿನಲ್ಲಿ ಬೇರೂರಿ, ರಕ್ತನಾಳಗಳನ್ನು ಹೊಕ್ಕು ಕಟ್ಟಿಹಾಕುತ್ತವೆ. ರಕ್ತ ಹರಿಯದ ಮಾಂಸ ಸತ್ತು ಕಪ್ಪಾಗುತ್ತದೆ. ಕಪ್ಪು ಶಿಲೀಂಧ್ರ ಎಂಬ ಹೆಸರು ಬಂದದ್ದು ಹಾಗೆ. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಅದು ತಗುಲಿತ್ತು. ಆಂಫೋಟೆರಿಸಿನ್ ಚುಚ್ಚುಮದ್ದಿಗಾಗಿ ಆ ವಾರಗಳಲ್ಲಿ ನಾವು ಮಾಡಿದ ಫೋನ್ ಕರೆಗಳನ್ನು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಮದ್ದು ಸಿಕ್ಕಿತು. ಆದರೆ ರಕ್ತ ಹರಿಯದ ಕಡೆಗೆ ಮದ್ದೂ ತಲುಪುವುದಿಲ್ಲ. ಹಲವರ ಕಣ್ಣನ್ನು ಉಳಿಸಿಕೊಟ್ಟ ವೈದ್ಯರೇ ಅವನ ಹೆಂಡತಿಯನ್ನು ಕೂರಿಸಿಕೊಂಡು, ಕಣ್ಣೋ ಜೀವವೋ ಎನ್ನುವ ಹಂತಕ್ಕೆ ಬಂದಿದೆ ಎಂದರು. ಕಣ್ಣುಗುಡ್ಡೆ, ರೆಪ್ಪೆ, ಗೂಡಿನೊಳಗಿನ ಎಲ್ಲವನ್ನೂ ತೆಗೆದರು. ಅವನು ಬದುಕಿದ.

ಒಂದು ವರ್ಷ ಅವನು ಕನ್ನಡಿ ನೋಡಲಿಲ್ಲ. ಕಪ್ಪು ಕನ್ನಡಕ, ಅದರ ಹಿಂದೆ ಹತ್ತಿಯ ಪಟ್ಟಿ. ಮೊಮ್ಮಗಳು ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದ. ಕೃತಕ ಕಣ್ಣು ಹಾಕಬಹುದಲ್ಲ ಎಂದು ನಾವು ಸುಲಭವಾಗಿ ಹೇಳುತ್ತಿದ್ದೆವು. ಕಣ್ಣುಗುಡ್ಡೆ ಮಾತ್ರ ತೆಗೆದಿದ್ದರೆ ಅದು ಸುಲಭವೇ. ಗೂಡಿನೊಳಗೆ ಒಂದು ಗೋಲಿ ಇಟ್ಟು ಹೊಲಿದು, ಅದರ ಮೇಲೆ ಚಿಪ್ಪಿನಂಥ ಬಣ್ಣದ ಕಣ್ಣನ್ನು ಕೂರಿಸುತ್ತಾರೆ, ಅವರದೇ ರೆಪ್ಪೆ ಅದನ್ನು ಮುಚ್ಚಿ ತೆರೆಯುತ್ತದೆ. ಆದರೆ ಇವನಿಗೆ ರೆಪ್ಪೆಯೇ ಇರಲಿಲ್ಲ. ಕೊನೆಗೆ ಒಂದು ದಂತವೈದ್ಯಕೀಯ ಕಾಲೇಜಿಗೆ ಹೋಗಿ ಎಂದು ಯಾರೋ ಹೇಳಿದಾಗ ನಾವು ತಪ್ಪು ಕೇಳಿಸಿಕೊಂಡೆವೇನೋ ಎಂದುಕೊಂಡೆವು. ಕೃತಕ ಹಲ್ಲು ಕಟ್ಟುವ ವಿಭಾಗದವರೇ ಕಿವಿ, ಮೂಗು, ಕಣ್ಣುಗೂಡುಗಳನ್ನೂ ಮಾಡುತ್ತಾರೆ. ಇದಕ್ಕೆ ಚರಿತ್ರೆಯ ನಂಟೂ ಇದೆ. ಹಿಂದೆ ಕೃತಕ ಕಣ್ಣುಗಳು ಗಾಜಿನವು, ಜರ್ಮನಿಯ ಲೌಷಾ ಊರಿನ ಕುಶಲಕರ್ಮಿಗಳು ಅದರಲ್ಲಿ ಹೆಸರಾದವರು. ಎರಡನೆಯ ಮಹಾಯುದ್ಧದಲ್ಲಿ ಆ ಗಾಜು ಬರುವುದು ನಿಂತಾಗ, ಹಲ್ಲುಸೆಟ್ಟಿಗೆ ಬಳಸುವ ಅಕ್ರಿಲಿಕ್‌ನಿಂದ ಕಣ್ಣು ಮಾಡಿದವರು ಅಮೆರಿಕದ ಸೇನೆಯ ದಂತವಿಭಾಗದವರು.

ನಾಲ್ಕೈದು ಸಲ ಅವನ ಜೊತೆ ಹೋದೆ. ಮುಖದ ಅಚ್ಚು ತೆಗೆದರು. ಮೇಣದಲ್ಲಿ ರೆಪ್ಪೆಗಳನ್ನು ಕಡೆದರು, ಎಡಗಣ್ಣಿನ ಸುಕ್ಕುಗಳನ್ನು ನೋಡಿ ನೋಡಿ ಅದೇ ಸುಕ್ಕುಗಳನ್ನು ಗೀರಿದರು. ಐವತ್ತೊಂದು ವರ್ಷದವನಿಗೆ ಇಪ್ಪತ್ತರ ರೆಪ್ಪೆ ಹೊಂದುವುದಿಲ್ಲ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ನಾವು ಅಂದುಕೊಂಡಂತೆ ಬರೀ ಕಪ್ಪಲ್ಲ. ಅಂಚಿಗೆ ಬೂದು, ಒಳಗೆ ಕಾಫಿ ಪುಡಿಯ ಕಂದು, ನಡುನಡುವೆ ಬೆಲ್ಲದ ಬಣ್ಣದ ಎಳೆಗಳು. ಆ ಎಳೆಗಳನ್ನು ಒಂದೆರಡು ಕೂದಲಿನ ಕುಂಚದಿಂದ ಬರೆದರು. ಬಿಳಿಗುಡ್ಡೆಯ ಮೇಲೆ ರಕ್ತನಾಳಕ್ಕೆಂದು ಕೆಂಪು ದಾರದ ಎಳೆ ಬಿಡಿಸಿ ಅಂಟಿಸಿದರು. ಸಿಲಿಕೋನಿಗೆ ಚರ್ಮದ ಬಣ್ಣ ಬೆರೆಸುವಾಗ ಅವನನ್ನು ಕಿಟಕಿಯ ಬಳಿ ಕೂರಿಸಿದರು. ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಬಿಸಿಲಿನಲ್ಲಿ ಬೇರೆಯಾಗಿ ಕಾಣುತ್ತದೆಯಂತೆ. ಇದು ಶಾಶ್ವತವಲ್ಲ, ಒಂದೆರಡು ವರ್ಷಕ್ಕೆ ಬಣ್ಣ ಮಾಸುತ್ತದೆ, ಮತ್ತೆ ಮಾಡಿಸಬೇಕು. ದಪ್ಪ ಅಂಚಿನ ಕನ್ನಡಕ ಹಾಕಿದರೆ ಸಿಲಿಕೋನಿನ ಅಂಚು ಮರೆಯಾಗುತ್ತದೆ.

"ಇದು ಮಿಟುಕುವುದಿಲ್ಲ ಅಲ್ಲವೇ?" ಎಂದು ಅವನು ಕೇಳಿದ.

ಇಲ್ಲ ಎಂದರು ಅದನ್ನು ಮಾಡುತ್ತಿದ್ದ ದಂತವೈದ್ಯೆ. ಸಮಾಧಾನದ ಮಾತು ಸೇರಿಸಲಿಲ್ಲ. ಅವನು ತಲೆಯಾಡಿಸಿ, ದೇವತೆಗಳನ್ನು ಅನಿಮಿಷರು, ಅಂದರೆ ಎವೆಯಿಕ್ಕದವರು, ಎನ್ನುತ್ತಾರೆ ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು ಎಂದ. ಆಮೇಲೆ ಸುಮ್ಮನಾದ.

ಕೊನೆಯ ದಿನ ಎವೆಗೂದಲು ನೆಡುವ ಕೆಲಸ ಉಳಿದಿತ್ತು. ಆಕೆ ಆ ಸಿಲಿಕೋನಿನ ಕಣ್ಣನ್ನು ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿಯ ಬಳಿ ಕುಳಿತರು. ಸೂಜಿಯಿಂದ ರೆಪ್ಪೆಯ ಅಂಚಿನಲ್ಲಿ ತೂತು ಮಾಡಿ, ಸಣ್ಣ ಚಿಮಟದಲ್ಲಿ ಒಂದು ಕೂದಲನ್ನು ಬುಡದಲ್ಲಿ ಹಿಡಿದು ಒಳಗೆ ಕೂರಿಸಿದರು. ಆಮೇಲೆ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ತುದಿ ಹೊರಕ್ಕೆ ಬಾಗುವಂತೆ, ಪ್ರತಿಯೊಂದನ್ನೂ ತಿರುಗಿಸಿ ನೋಡಿ. ಗೆಳೆಯ ಪಕ್ಕದ ಕುರ್ಚಿಯಲ್ಲಿ ಮೊಣಕೈ ಊರಿ ನೋಡುತ್ತಿದ್ದ. ನಾನು ಎಣಿಸುತ್ತಿದ್ದೆ. ನಲವತ್ತರ ಆಸುಪಾಸಿನಲ್ಲಿ ಆಕೆ ಚಿಮಟ ಕೆಳಗಿಟ್ಟು, ರೆಪ್ಪೆಯನ್ನು ಬಿಸಿಲಿಗೆ ಓರೆಯಾಗಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ಇನ್ನೊಂದು ಬೇಕು" ಎಂದರು.